ಅಜ್ಜನ ಧೋತರದ ಗೌನು

ಹೋದ ವರ್ಷ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಪ್ರಯಾಣದ ದಣಿವು ಇನ್ನೂ ಆರಿರಲಿಲ್ಲ, ಹನ್ನೆರಡು ವರ್ಷದ ಮೊಮ್ಮಗಳು ಪುಟ್ಟಿ ಒಂದು ಚಿತ್ರ ತಂದು ನನ್ನ ಮುಂದೆ ಹಿಡಿದಳು. ಬಿಳಿಯ ಉದ್ದನೆಯ ಗೌನು. ಸೊಂಟ ಇರಬೇಕಾದಲ್ಲಿ ಸೊಂಟವೇ ಇಲ್ಲ. ಎದೆಯ ಕೆಳಗೇ ಒಂದು ಪಟ್ಟಿ, ಅಲ್ಲಿಂದ ಪಾದದವರೆಗೆ ನೀರು ಸುರಿದ ಹಾಗೆ ನೇರ ಇಳಿದ ಬಟ್ಟೆ. ತಲೆಗೆ ಹುಲ್ಲಿನ ಟೋಪಿ, ಗದ್ದದ ಕೆಳಗೆ ರಿಬ್ಬನ್ನಿನ ಗಂಟು, ಹೆಗಲಿಗೆ ಶಾಲು.

"ಅಜ್ಜಿ, ನನಗ ಇಂಥಾದ್ದು ಹೊಲದ ಕೊಡ್ತಿಯೇನ?"

ಧಾರವಾಡದಲ್ಲಿ ನಾನು ಹೊಲಿಯದ ವೇಷವಿಲ್ಲ. ಓಣಿಯ ಮಕ್ಕಳಿಗೆಲ್ಲ ಛದ್ಮವೇಷ ಸ್ಪರ್ಧೆಗೆ ಬಟ್ಟೆ ಹೊಲಿದುಕೊಟ್ಟವಳು. ಕಿತ್ತೂರು ಚೆನ್ನಮ್ಮನನ್ನಂತೂ ಎಷ್ಟು ಸಲ ಸಿದ್ಧ ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ಈ ಗೌನು ಯಾರದು, ಯಾವ ಕಾಲದ್ದು ಎಂದು ತಿಳಿಯದೆ ಕತ್ತರಿ ಹಿಡಿಯುವುದು ಹೇಗೆ? ಪುಟ್ಟಿಯೇ ಪಾಠ ಹೇಳಿದಳು.

ಇಂಗ್ಲೆಂಡಿನ ಮೂರನೇ ಜಾರ್ಜ್ ರಾಜನಿಗೆ ಬುದ್ಧಿಭ್ರಮಣೆಯಾದಾಗ 1811ರಿಂದ 1820ರವರೆಗೆ ಅವನ ಮಗ ತಂದೆಯ ಪರವಾಗಿ ರಾಜ್ಯ ಆಳಿದ. ಹಾಗೆ ಇನ್ನೊಬ್ಬರ ಪರವಾಗಿ ಆಳುವವನಿಗೆ ಅಲ್ಲಿ ರೀಜೆಂಟ್ ಎನ್ನುತ್ತಾರೆ, ಆ ಕಾಲಕ್ಕೆ ರೀಜೆನ್ಸಿ ಕಾಲವೆಂದು ಹೆಸರು. ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಬರೆದ ಪುಸ್ತಕಗಳು ಅಚ್ಚಾದದ್ದು ಆ ವರ್ಷಗಳಲ್ಲೇ. ಆಕೆ ಹುಟ್ಟಿದ್ದು 1775ರಲ್ಲಿ. ನಮ್ಮ ಚೆನ್ನಮ್ಮ 1778ರಲ್ಲಿ. ಮೂರೇ ವರ್ಷದ ಅಂತರ! ಒಬ್ಬಳು ಮೂಲೆಯ ಪುಟ್ಟ ಮೇಜಿನ ಮೇಲೆ ಕಥೆ ಬರೆದಳು, ಇನ್ನೊಬ್ಬಳು 1824ರಲ್ಲಿ ಆಕೆಯ ದೇಶದವರ ಮೇಲೆಯೇ ಕತ್ತಿ ಹಿರಿದಳು. ಇಷ್ಟು ತಿಳಿದ ಮೇಲೆ ನನಗೂ ಉತ್ಸಾಹ ಬಂತು. ಚೆನ್ನಮ್ಮನಿಗೆ ಹೊಲಿದ ಕೈ, ಅವಳ ಓರಗೆಯವಳಿಗೆ ಹೊಲಿಯಲಾರದೆ?

ಬ್ರಿಸ್ಟಲ್‌ನಿಂದ ರೈಲಿನಲ್ಲಿ ಕಾಲು ಗಂಟೆ ಹೋದರೆ ಬಾತ್ ಎಂಬ ಊರು. ಬಿಸಿನೀರಿನ ಬುಗ್ಗೆಗಳ ಊರು, ಹೆಸರು ಬಂದದ್ದೂ ಸ್ನಾನದಿಂದಲೇ. 1801ರಿಂದ 1806ರವರೆಗೆ ಜೇನ್ ಆಸ್ಟಿನ್ ಅಲ್ಲಿ ವಾಸವಿದ್ದಳು. ಪ್ರತಿ ಸೆಪ್ಟೆಂಬರಿನಲ್ಲಿ ಅವಳ ಹೆಸರಿನಲ್ಲಿ ಅಲ್ಲಿ ಉತ್ಸವ ನಡೆಯುತ್ತದೆ. ಒಂದು ದಿನ ನೂರಾರು ಜನ ಆ ಕಾಲದ ಉಡುಪು ತೊಟ್ಟು ಊರ ಬೀದಿಗಳಲ್ಲಿ ಮೆರವಣಿಗೆ ಹೋಗುತ್ತಾರೆ. ಪುಟ್ಟಿಯ ಗೆಳತಿ ತನ್ನ ತಾಯಿಯೊಂದಿಗೆ ನಡೆಯುವವಳಿದ್ದಳು, ಇವಳಿಗೂ ಕರೆ ಬಂದಿತ್ತು. ಗೆಳತಿಯ ಗೌನು ಸಿದ್ಧ ಉಡುಪಿನದು, ಬೆಲೆ ನೂರು ಪೌಂಡು ದಾಟಿತ್ತು. ರೂಪಾಯಿಗೆ ಪರಿವರ್ತಿಸಿ ನೋಡಿ ನಾನು ಸುಮ್ಮನೆ ಕೂತೆ.

ಮಗಳು ಮೂರು ಹತ್ತರ ನೋಟುಗಳನ್ನು ಮೇಜಿನ ಮೇಲೆ ಇಟ್ಟಳು. "ಮೂವತ್ತು ಪೌಂಡು. ಅದರಾಗ ಆದ್ರ ಮಾಡ್ರಿ, ಇಲ್ಲಾಂದ್ರ ಬಿಡ್ರಿ. ನಾಳೆ ಚಾರಿಟಿ ಅಂಗಡಿಗೆ ಹೋಗಿ ನೋಡ್ರಿ."

ಚಾರಿಟಿ ಅಂಗಡಿ ಎಂದರೆ ಏನೆಂದು ಓದುವ ಮಕ್ಕಳಿಗೆ ಹೇಳಬೇಕು. ಜನ ತಾವು ಬಳಸಿ ಬಿಟ್ಟ ಬಟ್ಟೆ, ಪುಸ್ತಕ, ಪಾತ್ರೆ ಪಗಡ ತಂದು ಆ ಅಂಗಡಿಗೆ ಪುಕ್ಕಟೆ ಕೊಡುತ್ತಾರೆ. ಅದನ್ನು ವಿಂಗಡಿಸಿ ಅಗ್ಗದ ಬೆಲೆಗೆ ಮಾರುತ್ತಾರೆ. ಬಂದ ಹಣ ರೋಗಿಗಳಿಗೋ ಬಡವರಿಗೋ ಅನಾಥ ಪ್ರಾಣಿಗಳಿಗೋ ಹೋಗುತ್ತದೆ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು, ನನ್ನ ವಯಸ್ಸಿನ ಅಜ್ಜ ಅಜ್ಜಿಯರು. ಇಂಗ್ಲೆಂಡಿನಲ್ಲಿ ಯಾವ ಪೇಟೆಗೆ ಹೋದರೂ ಇಂಥ ಅಂಗಡಿ ಕಾಣುತ್ತದೆ.

ಬಾಗಿಲವರೆಗೆ ಹೋದೆ. ಒಳಗೆ ಕಾಲಿಡಲು ಆಗಲಿಲ್ಲ.

ನಾವು ನಾಲ್ವರು ಅಕ್ಕತಂಗಿಯರು, ನಾನು ಮೂರನೆಯವಳು. ಪ್ರತಿ ದೀಪಾವಳಿಗೆ ಹುಬ್ಬಳ್ಳಿಯ ದೊಡ್ಡಪ್ಪನ ಮನೆಯಿಂದ ಒಂದು ಗಂಟು ಬರುತ್ತಿತ್ತು. ಅವರ ಮಗಳಿಗೆ ಸಣ್ಣದಾದ ಪರಕಾರಗಳು ಅದರಲ್ಲಿರುತ್ತಿದ್ದವು. ಒಂದು ವರ್ಷ ನೀಲಿ ಪರಕಾರ ನನ್ನ ಪಾಲಿಗೆ ಬಂತು. ಆಗಸ್ಟ್ 15ರ ಧ್ವಜವಂದನೆಗೆ ಅದನ್ನೇ ಉಟ್ಟು ಸಾಲಿನಲ್ಲಿ ನಿಂತಿದ್ದೆ. ರಜೆಗೆಂದು ನಮ್ಮ ಮನೆಗೆ ಬಂದಿದ್ದ ಆ ಅಕ್ಕ ನೋಡಲು ಬಂದವಳು ಎಲ್ಲರ ಮುಂದೆ ಕೂಗಿದಳು: "ಅಯ್ಯ, ಅದು ನಂದು! ನೋಡ್ರಿ, ಇಲ್ಲಿ ಶಾಯಿ ಚೆಲ್ಲಿದ ಕಲಿ ಇನ್ನೂ ಅದ!" ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ, ತನ್ನ ವಸ್ತು ಕಂಡ ಖುಷಿ ಅಷ್ಟೆ. ಇಡೀ ಸಾಲು ನನ್ನ ಪರಕಾರವನ್ನು ನೋಡಿತು. ಅಂದೇ ನಿಶ್ಚಯಿಸಿದೆ: ನನ್ನ ಮಕ್ಕಳಿಗೆ ಇನ್ನೊಬ್ಬರು ಉಟ್ಟು ಬಿಟ್ಟ ಬಟ್ಟೆ ಹಾಕುವುದಿಲ್ಲ. ಹಾಕಲೂ ಇಲ್ಲ. ಈಗ ಎಪ್ಪತ್ತರ ಹತ್ತಿರ ಬಂದು, ಸಮುದ್ರ ದಾಟಿ, ಮೊಮ್ಮಗಳಿಗೆ ಹಳೆಯ ಬಟ್ಟೆ ಹುಡುಕಲು ನಿಂತಿದ್ದೆ.

"ಅಜ್ಜಿ, ಬಾ ಅಂದ್ರ," ಎಂದು ಪುಟ್ಟಿ ಕೈ ಎಳೆದಳು. ಅವಳಿಗೆ ಯಾವ ಮುಜುಗರವೂ ಇಲ್ಲ. ಅವಳ ಜೀನ್ಸು, ಮಳೆ ಕೋಟು, ಅರ್ಧ ಕಪಾಟಿನ ಪುಸ್ತಕಗಳು ಎಲ್ಲವೂ ಇಂಥ ಅಂಗಡಿಯವೇ ಎಂದು ಆಗಲೇ ನನಗೆ ಗೊತ್ತಾದದ್ದು. ಮಗಳು ನನಗೆ ಹೇಳಿರಲಿಲ್ಲ, ಹೇಳಿದರೆ ನಾನೇನನ್ನುತ್ತೇನೆಂದು ಅವಳಿಗೆ ಗೊತ್ತು.

ಒಳಗೆ ಹೋದ ಅರ್ಧ ಗಂಟೆಯಲ್ಲಿ ನನ್ನೊಳಗಿನ ಹೊಲಿಗೆಯವಳು ಎದ್ದು ಕೂತಳು. ಬಟ್ಟೆ ಮುಟ್ಟಿ ನೋಡುವುದು, ಹೊಲಿಗೆ ತಿರುವಿ ನೋಡುವುದು, ಅಸ್ತರು ಎಳೆದು ನೋಡುವುದು. ಪುಟ್ಟಿಗೂ ಕಲಿಸಿದೆ: ಅಂಗಿಯನ್ನು ಅಂಗಿಯೆಂದು ನೋಡಬೇಡ, ಬಟ್ಟೆಯೆಂದು ನೋಡು. ಇದರಲ್ಲಿ ಎಷ್ಟು ಬಟ್ಟೆ ಇದೆ, ಎಲ್ಲಿ ಕತ್ತರಿಸಿದರೆ ಏನಾಗುತ್ತದೆ?

ಹಾಗೆ ನೋಡಿದಾಗಲೇ ಕಂಡದ್ದು ನೀಲಿ ಉಣ್ಣೆಯ ಹೆಂಗಸರ ಕೋಟು, ಆರು ಪೌಂಡು. ರೀಜೆನ್ಸಿ ಕಾಲದ ಹುಡುಗಿಯರು ಗೌನಿನ ಮೇಲೆ ಎದೆಯವರೆಗಷ್ಟೇ ಬರುವ ಗಿಡ್ಡ ಕೋಟು ತೊಡುತ್ತಿದ್ದರು. ಅದಕ್ಕೆ ಸ್ಪೆನ್ಸರ್ ಎಂದು ಹೆಸರು. ನಮ್ಮ ಕೋಟನ್ನು ಎದೆಯ ಕೆಳಗೆ ಕತ್ತರಿಸಿ ಅಂಚು ಮಡಚಿ ಹೊಲಿದರೆ ಅದೇ ಆಯಿತು. ತೋಳು ಪುಟ್ಟಿಯ ಬೆರಳ ಗೆಣ್ಣಿನವರೆಗೆ ಬಂತು. ಕತ್ತರಿಸಬೇಕೆಂದಿದ್ದೆ, ಆ ಕಾಲದ ಚಿತ್ರಗಳಲ್ಲೂ ತೋಳು ಹಾಗೇ ಕೈಯ ಮೇಲೆ ಇಳಿದಿರುವುದನ್ನು ಕಂಡು ಬಿಟ್ಟೆ. ಹುಲ್ಲಿನ ಟೋಪಿ ಮೂರು ಪೌಂಡು, ಚಪ್ಪಟೆ ಬೂಟು ಎರಡೂವರೆ, ಬಿಳಿ ಕೈಗವಸು ಒಂದು, ಬುಟ್ಟಿಯಲ್ಲಿ ಬಿದ್ದಿದ್ದ ರಿಬ್ಬನ್ನಿನ ಸುರುಳಿ ಅರ್ಧ ಪೌಂಡು.

ನಾಲ್ಕು ಪೌಂಡಿಗೆ ಒಂದು ಶಾಲು ಸಿಕ್ಕಿತು. ಕೆಂಪು ನೆಲ, ಅಂಚಿಗೆ ಸಾಲಾಗಿ ಮಾವಿನಕಾಯಿ. ಗಲ್ಲೆಯ ಹತ್ತಿರ ಕೂತಿದ್ದ ಅಜ್ಜಿ, "ಪೇಸ್ಲಿ, ಚೆಂದದ ಪೇಸ್ಲಿ" ಎಂದರು. ಪೇಸ್ಲಿ ಎಂದರೆ ಸ್ಕಾಟ್ಲೆಂಡಿನ ಒಂದು ಊರು. ಜೇನ್ ಆಸ್ಟಿನ್ ಕಾಲದಲ್ಲಿ ಕಾಶ್ಮೀರದ ಶಾಲಿಗೆ ಅಲ್ಲಿಯ ಶ್ರೀಮಂತ ಹೆಂಗಸರು ಮರುಳಾಗಿದ್ದರು. ಬೆಲೆಯೋ ಆಕಾಶಕ್ಕೆ. ಆಗ ಆ ಊರಿನ ಮಗ್ಗಗಳಲ್ಲಿ ಅದರ ನಕಲು ನೇಯತೊಡಗಿದರು. ನಕಲು ಎಷ್ಟು ಹಬ್ಬಿತೆಂದರೆ ನಮ್ಮ ಸೀರೆಯ ಸೆರಗಿನ ಮಾವಿನಕಾಯಿಗೆ ಇಂಗ್ಲಿಷರ ಬಾಯಲ್ಲಿ ಆ ಊರ ಹೆಸರೇ ನಿಂತುಬಿಟ್ಟಿತು. ನಾನು ನನ್ನ ಸೆರಗು ಎತ್ತಿ ಆ ಅಜ್ಜಿಗೆ ತೋರಿಸಿ "ಮ್ಯಾಂಗೋ" ಎಂದೆ. ಅವರು ಕನ್ನಡಕ ಏರಿಸಿ ನೋಡಿ ನಕ್ಕರು.

ಇಷ್ಟೆಲ್ಲ ಆಯಿತು, ಗೌನು ಮಾತ್ರ ಆಗಲಿಲ್ಲ.

ಮೊದಲು ಎರಡು ಪೌಂಡಿನ ಬಿಳಿ ಪರದೆ ತಂದು ಹೊಲಿದೆ. ಪುಟ್ಟಿ ಹಾಕಿಕೊಂಡು ನಿಂತರೆ ಪರದೆ ಸುತ್ತಿಕೊಂಡ ಕಿಟಕಿಯ ಹಾಗೆಯೇ ಕಂಡಳು. ಅರ್ಧ ಪಾಲಿಯೆಸ್ಟರು, ಬಿರುಸು, ಎಷ್ಟು ಇಸ್ತ್ರಿ ಮಾಡಿದರೂ ನೆರಿಗೆ ಕೆಳಗಿಳಿಯುವುದಿಲ್ಲ, ಡೇರೆಯ ಹಾಗೆ ಉಬ್ಬಿ ನಿಲ್ಲುತ್ತದೆ. ಪಾಪ, ಅವಳು "ಛಲೋ ಅದ ಅಜ್ಜಿ" ಎಂದಳು. ಕನ್ನಡಿಯ ಕಡೆ ನೋಡದೆ ಹೇಳಿದಳು.

ಊರ ಗ್ರಂಥಾಲಯದಿಂದ ಆ ಕಾಲದ ಉಡುಪುಗಳ ಪುಸ್ತಕ ತಂದು ಮಗಳ ಹತ್ತಿರ ಓದಿಸಿ ಕೇಳಿದೆ. ಗೌನಿನ ಗುಟ್ಟೆಲ್ಲ ಬಟ್ಟೆಯಲ್ಲಿತ್ತು. ಅದು ಮಸ್ಲಿನ್, ಮೃದುವಾದ ತೆಳ್ಳನೆಯ ಹತ್ತಿ ಬಟ್ಟೆ. ಎಷ್ಟೋ ಕಾಲ ಅದು ಬಂಗಾಳದ ಢಾಕಾ ಕಡೆಯಿಂದ ಹಡಗಿನಲ್ಲಿ ಬರುತ್ತಿತ್ತು. ಆಮೇಲೆ ಅಲ್ಲಿಯ ಗಿರಣಿಗಳು ಅಂಥದ್ದನ್ನೇ ಅಗ್ಗವಾಗಿ ನೇಯತೊಡಗಿ ನಮ್ಮ ನೇಕಾರರ ಅನ್ನ ಕಸಿದವು. ಆ ಬಟ್ಟೆಯ ಒಂದು ಬಗೆಗೆ ಇಂಗ್ಲಿಷಿನಲ್ಲಿ ಮಲ್ ಎಂಬ ಹೆಸರಿತ್ತು. ಮಗಳು ಓದುತ್ತ ಅಲ್ಲಿ ನಿಂತಳು. "ಮಲ್ ಅಂದ್ರ ಮಲಮಲ್ ಅಲ್ಲೇನವ್ವಾ?"

ಹೌದು. ಮಲಮಲ್ಲೇ. ಮತ್ತು ಅಂಥ ಮಲಮಲ್ಲಿನ ನಾಲ್ಕು ಗಜ ಬಟ್ಟೆ ಅದೇ ಮನೆಯಲ್ಲಿ, ನನ್ನ ದಿಂಬಿನ ಕೆಳಗೆ ಇತ್ತು.

ನಮ್ಮವರು ತೀರಿಕೊಂಡು ಆಗ ಮೂರು ವರ್ಷ. ಅವರ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟಿದ್ದೆ, ಎರಡು ಧೋತರ ಮಾತ್ರ ಇಟ್ಟುಕೊಂಡಿದ್ದೆ. ಒಗೆದು ಒಗೆದು ಬೆಣ್ಣೆಯಂತಾಗಿದ್ದವು. ಕಿರುಬೆರಳಿನಷ್ಟಗಲದ ಹಸಿರು ಅಂಚು. ಒಂದು ಧಾರವಾಡದ ಟ್ರಂಕಿನಲ್ಲಿದೆ, ಇನ್ನೊಂದನ್ನು ಎಲ್ಲಿ ಹೋದರೂ ಜೊತೆಗೆ ಒಯ್ಯುತ್ತೇನೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಧೋತರ ತಂದು ಊಟದ ಮೇಜಿನ ಮೇಲೆ ಹಾಸಿದೆ. ಮಗಳು ಚಹಾ ಲೋಟ ಕೈಯಲ್ಲಿ ಹಿಡಿದು ಬಂದವಳು ಅಲ್ಲೇ ನಿಂತಳು.

"ಅವ್ವಾ, ಅಪ್ಪನ ಧೋತರಕ್ಕ ಕತ್ತರಿ ಹಾಕ್ತೀ? ಒಂದ ದಿನದ ವೇಷಕ್ಕ? ಬ್ಯಾಡ."

ನಾನು ಏನೂ ಅನ್ನಲಿಲ್ಲ, ಮಡಚಿ ಇಟ್ಟೆ. ಎರಡು ದಿನ ಆ ಮಾತು ಯಾರೂ ಎತ್ತಲಿಲ್ಲ. ಪುಟ್ಟಿ ಪರದೆಯ ಗೌನಿಗೇ ರಿಬ್ಬನ್ ಹಿಡಿದು ಹಿಡಿದು ನೋಡುತ್ತಿದ್ದಳು. ಮನೆಯಲ್ಲಿ ಒಂದು ಬಗೆಯ ಬಿಗುಪು.

ಆ ಎರಡು ದಿನ ಗ್ರಂಥಾಲಯದ ಪುಸ್ತಕವನ್ನು ನಾನೇ ತಿರುವಿ ಹಾಕಿದೆ. ನನಗೆ ಇಂಗ್ಲಿಷ್ ಓದು ನಿಧಾನ, ಆದರೆ ಚಿತ್ರ ಓದಲು ಬರುತ್ತದೆ. ಒಂದು ಪುಟದಲ್ಲಿ ದೊಡ್ಡ ಕೌದಿಯ ಚಿತ್ರ. ಹೌದು, ಕೌದಿಯೇ! ನಮ್ಮ ಕಡೆ ಹಳೆಯ ಸೀರೆ, ಧೋತರ, ಅಂಗಿ ತುಂಡುಗಳನ್ನು ಸೇರಿಸಿ ಹೊಲಿಯುತ್ತಾರಲ್ಲ, ಅಂಥದ್ದೇ. ವಜ್ರಾಕಾರದ ಸಣ್ಣ ಸಣ್ಣ ತುಂಡುಗಳು, ನಡುವೆ ಹೂಬುಟ್ಟಿಯ ಚೀಟಿ ಬಟ್ಟೆ. ಅದನ್ನು ಹೊಲಿದವರು ಜೇನ್ ಆಸ್ಟಿನ್, ಅವಳ ಅಕ್ಕ ಮತ್ತು ತಾಯಿ. 1811ರಲ್ಲಿ ಊರಿಗೆ ಹೋಗಿದ್ದ ಅಕ್ಕನಿಗೆ ಜೇನ್ ಬರೆದ ಕಾಗದದಲ್ಲಿ, ತುಂಡು ಬಟ್ಟೆಗಳನ್ನು ಕೂಡಿಡಲು ಮರೆತಿಲ್ಲ ತಾನೆ ಎಂದು ವಿಚಾರಿಸಿದ್ದಾಳಂತೆ. ಆಕೆಯ ತಂದೆ 1805ರಲ್ಲಿ ಬಾತ್ ಊರಿನಲ್ಲೇ ತೀರಿಕೊಂಡಿದ್ದರು. ಆಮೇಲೆ ತಾಯಿ ಮಕ್ಕಳದು ಅಣ್ಣತಮ್ಮಂದಿರ ನೆರವಿನ ಮೇಲೆ ನಡೆದ ಕೈಬಿಗಿಯ ಸಂಸಾರ. ಹಳೆಯ ಗೌನು ಬಿಚ್ಚಿ ಹೊಸದಾಗಿ ಹೊಲಿಯುವುದು, ಟೋಪಿಗೆ ರಿಬ್ಬನ್ ಬದಲಿಸಿ ಮತ್ತೊಂದು ವರ್ಷ ನಡೆಸುವುದು ಆ ಕಾಲದ ಮನೆಮನೆಯ ಕೆಲಸ. ಅಂಗಡಿಯಿಂದ ನೂರು ಪೌಂಡಿಗೆ ತಂದ ಗೌನಿಗಿಂತ ನಮ್ಮ ಚಿಂದಿ ಕೆಲಸವೇ ಅವಳ ಮನೆಗೆ ಹತ್ತಿರದ್ದು ಎನಿಸಿತು.

ನಮ್ಮವರೂ ಕೈಬಿಗಿಯ ಮನುಷ್ಯರೇ. ಹರಿದ ಧೋತರ ಮೊದಲು ಕೈಚೌಕ, ಅದೂ ಹರಿದರೆ ಒಲೆಯ ಮುಂದಿನ ಮಸಿ ಅರಿವಿ. "ಅರಿವಿಗೆ ನಿವೃತ್ತಿ ಇಲ್ಲ" ಎಂದು ನಗುತ್ತಿದ್ದರು. ಅವರ ಧೋತರವನ್ನು ದಿಂಬಿನ ಕೆಳಗೆ ಮಡಚಿ ಇಟ್ಟದ್ದು ನಾನು.

ಮೂರನೆಯ ಬೆಳಿಗ್ಗೆ ಮತ್ತೆ ಹಾಸಿದೆ. ಕೌದಿಯ ಚಿತ್ರವನ್ನೂ ಪಕ್ಕದಲ್ಲಿ ತೆರೆದಿಟ್ಟೆ. ಮಗಳು ಬಂದಳು, ಚಿತ್ರ ನೋಡಿದಳು, ನನ್ನ ಮುಖ ನೋಡಿದಳು. ಲೋಟ ಕೆಳಗಿಟ್ಟು ಧೋತರದ ಆ ತುದಿ ಹಿಡಿದುಕೊಂಡಳು. "ಅಂಚು ಕೆಳಗ ಬರಲಿ ಅವ್ವಾ. ಅಂಚು ಕತ್ತರಿಸಬ್ಯಾಡ."

ಅಂಚು ಕತ್ತರಿಸಲಿಲ್ಲ. ಧೋತರದ ಅಗಲವನ್ನೇ ಗೌನಿನ ಉದ್ದ ಮಾಡಿದೆ, ಹಸಿರು ಅಂಚು ಪಾದದ ಸುತ್ತ ಬಂತು. ಎರಡೂವರೆ ಗಜ ಕೆಳಭಾಗಕ್ಕೆ, ಉಳಿದದ್ದು ಎದೆಗೂ ತೋಳಿಗೂ. ಒಂದು ಮಾತು ಹೇಳಬೇಕು: ಈ ಗೌನಿನ ನೆರಿಗೆಗಳೆಲ್ಲ ಬೆನ್ನ ಹಿಂದೆ ಬರಬೇಕು, ಮುಂದೆ ಸಪಾಟಾಗಿರಬೇಕು. ಸುತ್ತಲೂ ನೆರಿಗೆ ಹಿಡಿದರೆ ಪರಕಾರವಾಗುತ್ತದೆ. ಜಿಪ್ಪು ಹಚ್ಚೋಣವೆಂದು ಮಗಳು ಹೇಳಿದಳು, ಆ ಕಾಲದಲ್ಲಿ ಜಿಪ್ಪೇ ಹುಟ್ಟಿರಲಿಲ್ಲ. ಕುತ್ತಿಗೆಗೊಂದು, ಎದೆಯ ಕೆಳಗೊಂದು ಲಾಡಿ ಹಾಕಿ ಹಿಂದೆ ಕಟ್ಟುವ ಹಾಗೆ ಮಾಡಿದೆ. ಮುಂದಿನ ವರ್ಷ ಹುಡುಗಿ ಬೆಳೆದರೂ ಲಾಡಿ ಸಡಿಲಿಸಿದರೆ ಸಾಕು. ಬಟ್ಟೆ ತೆಳು, ಒಳಗೆ ನನ್ನದೊಂದು ಬಿಳಿ ಪೆಟಿಕೋಟನ್ನು ಮೋಟು ಮಾಡಿ ಹೆಗಲಿಗೆ ಪಟ್ಟಿ ಹಚ್ಚಿ ಕೊಟ್ಟೆ. ಕತ್ತರಿಯ ಮೊದಲ ಸದ್ದಿಗೆ ಎದೆ ಧಸಕ್ಕೆಂದಿತು. ಆಮೇಲೆ ಬರೀ ಕೆಲಸ.

ಟೋಪಿಯದು ಬೇರೆಯದೇ ಕಥೆ. ಇಂಥ ಹುಲ್ಲಿನ ಟೋಪಿ ಒಂದೇ ಹೆಣಿಗೆಯ ಪಟ್ಟಿಯನ್ನು ಸುರುಳಿ ಸುತ್ತಿ ಹೊಲಿದದ್ದು. ಹಿಂದಿನ ಅಂಚು ತೆಗೆಯಬೇಕೆಂದು ಕತ್ತರಿ ಇಟ್ಟದ್ದೇ ತಡ, ಚಕ್ಕುಲಿ ಬಿಚ್ಚಿದ ಹಾಗೆ ಸುರುಳಿ ಬಿಚ್ಚತೊಡಗಿತು. ಅಯ್ಯೋ ಎಂದು ಹಿಡಿದುಕೊಂಡು ಕೂತೆ. ಕತ್ತರಿಸುವ ಗೆರೆಯ ಎರಡೂ ಬದಿಗೆ ಮೊದಲೇ ಎರಡು ಸಾಲು ಹೊಲಿಗೆ ಹಾಕಿಕೊಳ್ಳಬೇಕು, ಆಮೇಲೆ ಕತ್ತರಿ. ಬಿಚ್ಚಿದ್ದನ್ನು ಕೈಹೊಲಿಗೆಯಲ್ಲಿ ಕೂಡಿಸಿ, ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಮೆತ್ತಗೆ ಮಾಡಿ, ಎರಡೂ ಬದಿ ಕೆನ್ನೆಯ ಮೇಲೆ ಬಾಗುವ ಹಾಗೆ ರಿಬ್ಬನ್ ಬಿಗಿದೆ. ಒಂದೆರಡು ದಿನ ಟೋಪಿಗೆ ಸಾಂಬಾರಿನ ವಾಸನೆ ಇತ್ತೆಂದು ಅಳಿಯಂದಿರು ಈಗಲೂ ಹೇಳುತ್ತಾರೆ.

ಆ ತೆಳ್ಳನೆಯ ಗೌನುಗಳಲ್ಲಿ ಜೇಬು ಮರೆಮಾಡಲು ಆಗುತ್ತಿರಲಿಲ್ಲ. ಅದಕ್ಕೆಂದೇ ಹೆಂಗಸರು ಕೈಯಲ್ಲಿ ಪುಟ್ಟ ದಾರದ ಚೀಲ ಹಿಡಿಯತೊಡಗಿದರಂತೆ. ನನ್ನ ಪೆಟ್ಟಿಗೆಯಲ್ಲಿದ್ದ ಗುಳೇದಗುಡ್ಡದ ಖಣದ ತುಂಡು ಅದಕ್ಕೆ ಸರಿಹೋಯಿತು.

ಒಟ್ಟು ಖರ್ಚು ಹತ್ತೊಂಬತ್ತು ಪೌಂಡು, ಪರದೆಯ ದಂಡವೂ ಸೇರಿ.

ಬಾತ್ ಊರಿನ ಕಟ್ಟಡಗಳೆಲ್ಲ ಜೇನುತುಪ್ಪದ ಬಣ್ಣದ ಕಲ್ಲಿನವು. ಮೂವತ್ತು ಮನೆಗಳು ಒಂದಕ್ಕೊಂದು ಅಂಟಿ ಅರ್ಧಚಂದ್ರನ ಹಾಗೆ ನಿಂತ ರಾಯಲ್ ಕ್ರೆಸೆಂಟ್ ನೋಡಿ ಬಾಯಿಬಿಟ್ಟು ನಿಂತೆ. ಬೀದಿಗಳಲ್ಲಿ ಎಲ್ಲಿ ನೋಡಿದರಲ್ಲಿ ಎತ್ತರದ ಟೋಪಿಯ ಗಂಡಸರು, ಕೆಂಪು ಕೋಟಿನ ಸೈನಿಕರು, ಗೌನಿನ ಹೆಂಗಸರು. ನನ್ನಂಥ ಮುದುಕಿಯರೂ ಕಡಿಮೆಯಿರಲಿಲ್ಲ, ಕೆಲವರು ತಲೆಗೆ ರುಮಾಲು ಸುತ್ತಿದ್ದರು. ಅದೂ ಆ ಕಾಲದ ಫ್ಯಾಶನ್ನೇ ಅಂತೆ. ನಾನು ಇಳಕಲ್ ಸೀರೆಯುಟ್ಟು ಮಗಳ ಜೊತೆ ಹಾದಿಬದಿಯಲ್ಲಿ ನಿಂತೆ.

ಪುಟ್ಟಿ ಗೆಳತಿಯ ಪಕ್ಕದಲ್ಲಿ ನಡೆದು ಬಂದಳು. ಗಾಳಿಗೆ ಧೋತರ ಅವಳ ಕಾಲ ಸುತ್ತ ಆಡುತ್ತಿತ್ತು. ಸಂಜೆ ವಾಕಿಂಗ್ ಮುಗಿಸಿ ಬರುವಾಗ ಅವರ ಕಾಲ ಸುತ್ತ ಆಡುತ್ತಿದ್ದ ಹಾಗೆ. ಮಗಳು ನನ್ನ ಕೈ ಹಿಡಿದಳು, ನಾನೂ ಬಿಡಲಿಲ್ಲ.

ಮೆರವಣಿಗೆ ನಮ್ಮ ಮುಂದೆ ಸ್ವಲ್ಪ ಹೊತ್ತು ನಿಂತಿತು. ಒಳ್ಳೆಯ ರೇಷ್ಮೆ ತೊಟ್ಟ ಹೆಂಗಸೊಬ್ಬರು ಪುಟ್ಟಿಯ ಹತ್ತಿರ ಬಾಗಿ, ಅವಳ ಒಪ್ಪಿಗೆ ಕೇಳಿ, ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಇಂಥ ಮಸ್ಲಿನ್ ಎಲ್ಲಿ ಸಿಕ್ಕಿತು, ಯಾವ ಅಂಗಡಿ ಎಂದು ಕೇಳಿದರು. ನನ್ನ ಎದೆ ಹೊಡೆದುಕೊಂಡಿತು. ಧ್ವಜವಂದನೆಯ ಸಾಲಿನಲ್ಲಿ ನಿಂತ ಹಾಗಾಯಿತು.

ಪುಟ್ಟಿ ಗದ್ದ ಎತ್ತಿ, ಆಚೆ ಈಚೆಯವರಿಗೆಲ್ಲ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದಳು: "ಅಂಗಡಿಯದಲ್ಲ. ಇದು ನಮ್ಮ ಅಜ್ಜಂದು."

ಉಳಿದ ಹನ್ನೊಂದು ಪೌಂಡಿನಲ್ಲಿ ಎಲ್ಲರೂ ಸಕ್ಕರೆ ಹರಳು ಉದುರಿಸಿದ ಬಾತ್ ಬನ್ನು ತಿಂದೆವು. ಗೌನಿನ ಅಂಚಿಗೆ ಕೆಸರು ಹತ್ತಿತ್ತು. ರಾತ್ರಿ ಮನೆಗೆ ಬಂದು ಮಗಳೇ ಅದನ್ನು ಬಚ್ಚಲಲ್ಲಿ ಕೈಯಿಂದ ಒಗೆದು ಒಣಹಾಕಿದಳು, ಮಷೀನಿಗೆ ಹಾಕಲಿಲ್ಲ.

ಕತ್ತರಿಸಿ ಉಳಿದ ತುಂಡುಗಳನ್ನು ಒಂದು ಚೂರೂ ಬಿಡದೆ ಧಾರವಾಡಕ್ಕೆ ತಂದೆ: ಧೋತರದ ಇನ್ನೊಂದು ಅಂಚು, ನೀಲಿ ಕೋಟಿನ ಕೆಳಭಾಗ, ಖಣದ ಚೂರು. ಪರದೆಯ ಗೌನನ್ನೂ ಬಿಚ್ಚಿ ತಂದೆ, ಒಳಪದರಕ್ಕಾದರೂ ಆದೀತೆಂದು. ಕೌದಿ ಹೊಲಿಯುವವಳು ಬಂದು ಗಂಟು ಬಿಚ್ಚಿದಳು. ಹಸಿರಂಚಿನ ತುಂಡು ಕೈಯಲ್ಲಿ ಹಿಡಿದು, "ಇದನ್ನ ಎಲ್ಲಿ ಹಚ್ಚಲೆವ್ವಾ?" ಎಂದಳು.

ನಡುವೆ ಹಚ್ಚು ಎಂದೆ.